ನೀಲಿ ಕಾಂಡದ ಪೇರ್ ಮರ

ಕೋರ್ಟಿನ ಜವಾನ ನೋಟೀಸು ಕೊಟ್ಟು ಹೋದಾಗ ಫಿಲಿಬೆರ್ತ್ ವಾರೆನ್ ಅಡುಗೆಮನೆಯಲ್ಲಿ ಮೊಲದ ಮಾಂಸಕ್ಕೆ ಸಾಸಿವೆ ಸವರುತ್ತಿದ್ದಳು. ಕೈ ಒರೆಸಿಕೊಂಡು ಓದಿದಳು. ಪಕ್ಕದ ಮನೆಯ ಬಿದೋ ದಾವೆ ಹೂಡಿದ್ದ. ಮೊದಲು ದ್ರಾಕ್ಷಾರಸದ ಪೀಪಾಯಿಗಳ ವ್ಯಾಪಾರಿಯಾಗಿದ್ದು ಈಗ ಬರಿದೇ ಬಿದೋ ಆಗಿದ್ದವನು ಅವನು. ಎರಡು ಮನೆಗಳ ನಡುವಿನ ಗೋಡೆಯ ಪಕ್ಕದಲ್ಲಿರುವ ಪೇರ್ ಮರ ತನ್ನ ಸೊಪ್ಪಿನ ಮಡಿಗೆ ಬಿಸಿಲು ಬೀಳಗೊಡುತ್ತಿಲ್ಲ, ಅದನ್ನು ಬುಡಸಮೇತ ತೆಗೆಸಬೇಕು ಎಂಬುದು ಅವನ ಕೋರಿಕೆ.

ಯೋನ್ ನದಿಯ ದಂಡೆಯ ಆ ಊರಿನಲ್ಲಿ ಗೋಡೆ ಇರುವವರಿಗೆಲ್ಲ ಈ ಕಾನೂನು ಬಾಯಿಪಾಠ. ಗೋಡೆಯಿಂದ ಎರಡು ಮೀಟರಿನೊಳಗೆ ಮರ ಇರಕೂಡದು. ತಂತಿಗೆ ಕಟ್ಟಿ ಗೋಡೆಗೆ ಚಪ್ಪಟೆಯಾಗಿ ಹಬ್ಬಿಸಿದ್ದರೆ ಇರಬಹುದು, ಆದರೆ ಅದರ ತಲೆ ಗೋಡೆಯ ಮೇಲೆ ಕಾಣಿಸಕೂಡದು. ಕಾಣಿಸಿಕೊಂಡ ಮೇಲೂ ಮೂವತ್ತು ವರ್ಷ ಯಾರೂ ತಕರಾರು ಎತ್ತದಿದ್ದರೆ ಮರ ಗೆದ್ದಂತೆ. ಮತ್ತೆ ಅದನ್ನು ತೆಗೆಸುವಂತಿಲ್ಲ.

ಮರ ನೆಟ್ಟವನು ಫಿಲಿಬೆರ್ತಳ ಅಪ್ಪ. ಬದುಕಿರುವ ತನಕ ಅದನ್ನು ಕವಲು ದೀಪಸ್ತಂಭದ ಆಕಾರದಲ್ಲಿ ಗೋಡೆಗೆ ಕಟ್ಟಿ, ಕತ್ತರಿ ಹಿಡಿದು ಹದ್ದುಬಸ್ತಿನಲ್ಲಿಟ್ಟಿದ್ದ. ಅವನು ಸತ್ತ ಮೇಲೆ ಕತ್ತರಿ ಅಳಿಯನ ಕೈಗೆ ಬಂತು. ಅಳಿಯನಿಗೆ ಕತ್ತರಿಯ ಯಾವ ತುದಿ ಹಿಡಿಯಬೇಕೆಂದೇ ಗೊತ್ತಿರಲಿಲ್ಲ. ಮರ ಮರುವರ್ಷವೇ ಗೋಡೆ ದಾಟಿತು ಎಂದು ಫಿಲಿಬೆರ್ತಳಿಗೆ ಖಾತ್ರಿಯಿತ್ತು. ಅಪ್ಪ ಸತ್ತದ್ದು 1877ರಲ್ಲಿ; ಈಗ 1909. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದನ್ನು ಕಂಡವರೆಲ್ಲ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಮಲಗಿದ್ದರು. ಸಾಕ್ಷಿಗೆ ಅವರನ್ನು ಎಬ್ಬಿಸುವ ಹಾಗಿರಲಿಲ್ಲ.

ಅಳಿಯ, ಅಂದರೆ ಅವಳ ಗಂಡ ಎಮೆರಿಕ್ ವಾರೆನ್, ಹೆಸರಾಂತ ಕಲಾವಿದ. ಪ್ರಾಯದಲ್ಲಿ ಅವನು ಬಿಡಿಸಿದ್ದು ರೆಕ್ಕೆಯ ಸಿಂಹಿಣಿಯರು, ಲಿಲಿ ಹೂ ಹಿಡಿದ ಬಿಳಿಚಿದ ಕನ್ಯೆಯರು, ಕೊಳದಲ್ಲಿ ತೇಲುವ ತುಂಡು ತಲೆಗಳು. ಅರವತ್ತು ದಾಟಿದ ಮೇಲೆ ಎಲ್ಲ ಬಿಟ್ಟು ಬರೀ ಮರ ಬಿಡಿಸತೊಡಗಿದ. ಅದೂ ಒಂದೇ ಮರ: ನೀಲಿ ಕಾಂಡ, ಹಳದಿ ಎಲೆ, ಮೂಲೆಯಲ್ಲೆಲ್ಲೋ ಒಂದು ಕೆಂಪು ಚುಕ್ಕೆ. ಆತ್ಮ ಕೊನೆಗೂ ಬೇರು ಬಿಟ್ಟಿತು ಎಂದು ಪ್ಯಾರಿಸ್ಸಿನವರು ಬರೆದರು. ಫಿಲಿಬೆರ್ತಳಿಗೆ ಗೊತ್ತಿದ್ದ ಕಾರಣ ಬೇರೆ. ಮಾಡೆಲ್ ಆಗಿ ಕೂರಲು ಬರುತ್ತಿದ್ದ ಬೇಕರಿಯವರ ಹುಡುಗಿ, ಚಳಿ ಆಗುತ್ತದೆ, ಒಲೆ ಹೊತ್ತಿಸಿ ಎಂದು ಕೇಳಿದ್ದಳು. ಮರ ಹಾಗೆಲ್ಲ ಕೇಳುವುದಿಲ್ಲ.

ಅವಳು ಊಟದ ಕೋಣೆಗೆ ಹೋಗಿ ಗೋಡೆಯ ಮೇಲಿನ ದೊಡ್ಡ ಚಿತ್ರವನ್ನು ನೋಡಿದಳು. ಯಾರೂ ಕೊಳ್ಳದೆ ಉಳಿದು, ಸೂಪಿನ ಹಬೆ ಕುಡಿದು ಕಂದಿದ್ದ ದೇವದೂತೆಯ ಚಿತ್ರ. ಕೆಳಗೆ ರುಜು, ಪಕ್ಕದಲ್ಲಿ ಇಸವಿ: 1878. ಗೋಡೆಯ ಮೇಲೆ ಕುಳಿತ ದೇವದೂತೆ ಸ್ವತಃ ಫಿಲಿಬೆರ್ತಳೇ, ಇಪ್ಪತ್ತಾರರ ಹರೆಯದಲ್ಲಿ, ಹಾಸಿಗೆಯ ಬಟ್ಟೆ ಸುತ್ತಿಕೊಂಡು. ಬೆನ್ನ ಹಿಂದೆ ಪೇರ್ ಮರದ ತಲೆ, ಗೋಡೆಗಿಂತ ಚೆನ್ನಾಗಿ ಮೇಲೆ. ಬಲಗೈಯ ಬಳಿ ಒಂದು ಕೆಂಪು ಚುಕ್ಕೆ. ಅದನ್ನು ಕಂಡಾಗ ಅವಳಿಗೆ ಇಂದಿಗೂ ನಗು ಬರುತ್ತಿತ್ತು. ಹೆಬ್ಬೆರಳು ಬಿಡಿಸಲು ಹೋಗಿ ಮೂರು ಸಲವೂ ಅದು ಗಜ್ಜರಿಯ ಹಾಗೆ ಬಂದಾಗ, ವಾರೆನ್ ಸಿಟ್ಟಿನಿಂದ ಕೆಂಪು ಬಣ್ಣ ಬಳಿದು ಮುಚ್ಚಿ, ಅಮರತ್ವದ ಕಿಡಿ ಎಂದು ಹೆಸರಿಟ್ಟಿದ್ದ.

ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು. "ರೀ, ನ್ಯಾಯಾಧೀಶರು ಮರ ನೋಡೋಕೆ ಬರ್ತಾರೆ. ಈ ಚಿತ್ರದಲ್ಲಿರೋದು ನಮ್ಮ ಮರ, ಕಣ್ಣಾರೆ ನೋಡಿ ಬಿಡಿಸಿದ್ದು ಅಂತ ನೀವು ಹೇಳ್ಬೇಕು."

"ಅದು ಮರ ಅಲ್ಲ."

"ಮತ್ತೇನು, ಹಸುವಾ?"

"ಮನಸ್ಸಿನ ಒಂದು ಸ್ಥಿತಿ. ಪ್ರಕೃತಿ ನೋಡ್ಕೊಂಡು ನಾನು ಒಂದು ಎಲೇನೂ ಬಿಡಿಸಿಲ್ಲ ಅಂತ ಪತ್ರಿಕೇಲಿ ಬರೆದಿದ್ದೀನಿ. ದ್ಯುಮರೆ ಆ ಸಾಲನ್ನೇ ಪುಸ್ತಕದ ಮೊದಲ ಪುಟಕ್ಕೆ ಹಾಕ್ತಿದ್ದಾನೆ."

ದ್ಯುಮರೆ ಪ್ಯಾರಿಸ್ಸಿನ ವಿಮರ್ಶಕ. ವಾರೆನ್ ಮೇಲೆ ಪುಸ್ತಕ ಬರೆಯುತ್ತಿದ್ದ.

"ಹಾಗಾದ್ರೆ ದಿನಾ ಬೆಳಗ್ಗೆ ಆ ಕಿಟಕಿ ಮುಂದೆ ಕೂತು ಏನು ನೋಡ್ತೀರಿ?"

"ನೋಡಲ್ಲ. ಕೂತಿರ್ತೀನಿ."

"ಮರ ಹೋದ್ರೆ ಆ ಕಿಟಕಿಯಿಂದ ಕಾಣೋದು ಬಿದೋನ ಕೋಳಿಗೂಡು. ಅದರಲ್ಲಿ ಯಾವ ಆತ್ಮ ಬೇರು ಬಿಡತ್ತೋ ನೋಡ್ಕೊಳ್ಳಿ."

ವಾರೆನ್ ಮೊಲದ ಮೂಳೆ ಚೀಪತೊಡಗಿದ. ಅಪ್ಪನ ಮರ ಈ ಮನುಷ್ಯನ ಜಂಬಕ್ಕೆ ಬಲಿಯಾಗುತ್ತದೆಂದು ಅವಳಿಗೆ ಆಗಲೇ ಅನ್ನಿಸಿತು. ಆ ವರ್ಷದ ಕೊನೆಯ ಹಣ್ಣುಗಳನ್ನು ಕಿತ್ತು ತಂದು ಕೆಂಪು ದ್ರಾಕ್ಷಾರಸದಲ್ಲಿ ಬೇಯಿಸಿದಳು. ತಿನ್ನುವ ಮನಸ್ಸಾಗಲಿಲ್ಲ.

ನ್ಯಾಯಾಧೀಶ ಗೊದ್ರಾಂ ಬಂದ ದಿನ ಮಂಜು ಆಗಷ್ಟೇ ಕರಗಿತ್ತು. ಹಂದಿ, ಬಾವಿ, ಬೇಲಿ, ಬೈಗುಳ, ಇವೇ ಅವನ ನಿತ್ಯದ ಮೊಕದ್ದಮೆಗಳು. ಹಿಂದೆ ಅವನ ಗುಮಾಸ್ತ, ಬಗಲಲ್ಲಿ ಶಾಯಿ ಕುಡಿಕೆ. ಬಿದೋ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ತಲೆಯ ಮೇಲೆ ಬೇಸಿಗೆಯಲ್ಲೂ ತೆಗೆಯದ ಕೆಂಪು ಉಣ್ಣೆಯ ಟೋಪಿ. ದ್ಯುಮರೆ ಹಿಂದಿನ ದಿನದ ರೈಲಿಗೇ ಬಂದಿದ್ದ. ಫಿಲಿಬೆರ್ತ್ ದೇವದೂತೆಯನ್ನು ಹೊರಗೆ ತಂದು ಗೋಡೆಗೆ ಒರಗಿಸಿದಳು. ದ್ಯುಮರೆಯ ಒತ್ತಾಯಕ್ಕೆ ಇತ್ತೀಚಿನ ನಾಲ್ಕು ಮರದ ಚಿತ್ರಗಳೂ ಬಂದವು. ಹುಲ್ಲಿನ ಮೇಲೆ ಐದು ಚಿತ್ರ, ಅವುಗಳ ಹಿಂದೆ ನಿಜವಾದ ಮರ. ಎಲೆ ಮುಕ್ಕಾಲು ಉದುರಿ ಅದು ಚಿತ್ರಗಳಿಗಿಂತ ಬಡಕಲಾಗಿ ಕಾಣುತ್ತಿತ್ತು.

"ವಾರೆನ್ ಅವರೇ, ಇದು ಈ ಮರವೇನ್ರೀ?" ಗೊದ್ರಾಂ ದೇವದೂತೆಯ ಬೆನ್ನ ಹಿಂದಿನ ಮರ ತೋರಿಸಿ ಕೇಳಿದ.

ವಾರೆನ್ ಹೆಂಡತಿಯನ್ನು ನೋಡಿದ, ದ್ಯುಮರೆಯನ್ನು ನೋಡಿದ, ಗಡ್ಡ ನೀವಿಕೊಂಡ. "ಸ್ವಾಮಿ, ಮರವನ್ನ ನಾನು ನೋಡೋದಿಲ್ಲ. ಮರ ನನ್ನೊಳಗೆ ಆಗ್ತದೆ."

"ಬರ್ಕೊಳಯ್ಯ," ಗೊದ್ರಾಂ ಗುಮಾಸ್ತನಿಗೆ ಹೇಳಿದ. "ಅವರಿಗೆ ಗೊತ್ತಿಲ್ಲವಂತೆ."

ಫಿಲಿಬೆರ್ತ್ ಕಣ್ಣು ಮುಚ್ಚಿಕೊಂಡಳು. ದ್ಯುಮರೆ ಮುಂದೆ ಬಂದ. "ನ್ಯಾಯಾಲಯದ ಅಪ್ಪಣೆಯಾದರೆ ನಾನು ವಿವರಿಸ್ತೇನೆ. ಗುರುಗಳ ಮರಗಳು ಮರಗಳಲ್ಲ. ಈ ಕಾಂಡ ನೋಡಿ, ಭೂಮಿ ಮೇಲಿನ ಯಾವ ಮರಕ್ಕೂ ಇಲ್ಲದ ನೀಲಿ. ಅದು ಅನಂತ."

"ಅದು ಮೈಲುತುತ್ತ," ಬಿದೋ ಹೇಳಿದ. "ಮೈಲುತುತ್ತಕ್ಕೆ ಸುಣ್ಣ ಕಲಸಿ ಹೊಡೀತಾಳೆ ಇವಳು, ಕಜ್ಜಿ ರೋಗಕ್ಕೆ. ನಾನೂ ಹೊಡೀತೀನಿ. ನನ್ನ ಸೇಬಿನ ಗಿಡಗಳೂ ಅನಂತವೇ."

ಅವನ ಮಾತು ಸುಳ್ಳಲ್ಲ. ಮರದ ಸಂದುಗಳಲ್ಲಿ ಆ ನೀಲಿ ಇನ್ನೂ ಅಂಟಿತ್ತು. ದ್ಯುಮರೆ ಅದನ್ನು ಮುಟ್ಟಿ ನೋಡಿ, ಕೈಗವಸು ಕೊಳೆ ಮಾಡಿಕೊಂಡು, ಮುಂದುವರಿಸಿದ. "ಇರಲಿ. ಈ ಹಳದಿ? ವಸಂತದಲ್ಲೂ ಗುರುಗಳು ಹಳದಿಯನ್ನೇ ಬಳಸ್ತಾರೆ. ಆತ್ಮದ ಚಿನ್ನ."

"ಸುಣ್ಣದ ಮಣ್ಣು ಸ್ವಾಮಿ. ಈ ಬೀದೀಲಿ ಪೇರ್ ಎಲೆ ಮೇ ತಿಂಗಳಲ್ಲೇ ಹಳದಿ ಆಗ್ತದೆ. ಕಾಯಿಲೆ ಬಿದ್ದ ಮರ, ಇವತ್ತಲ್ಲ ನಾಳೆ ಸಾಯೋದೇ. ಬರ್ಕೊಳ್ಳಿ ಗುಮಾಸ್ತರೇ."

"ನಿನ್ನ ಅಪ್ಪ ನೆಟ್ಟ ಮರ ಯಾವುದಾದರೂ ಬದುಕಿದೆಯೇನೋ ಬಿದೋ?" ಫಿಲಿಬೆರ್ತ್ ಕೇಳಿದಳು. ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಕೋರ್ಟಿನ ಮುಂದೆ ಬಹುವಚನ ಹಚ್ಚಲು ಅವಳಿಗೆ ನಾಲಿಗೆ ಹೊರಳಲಿಲ್ಲ.

"ನಮ್ಮಪ್ಪ ಸೊಪ್ಪು ಬೆಳೀತಿದ್ದ. ಸೊಪ್ಪು ಯಾರ ಬಿಸಿಲನ್ನೂ ಕದಿಯಲ್ಲ."

"ಜಗಳ ಕೋರ್ಟಿನ ಆಚೆ," ಗೊದ್ರಾಂ ಹೇಳಿದ.

ದ್ಯುಮರೆ ಸೋಲಲು ತಯಾರಿರಲಿಲ್ಲ. ಕೊನೆಯ ಬಾಣವಾಗಿ ನಾಲ್ಕು ಚಿತ್ರಗಳ ಕೆಂಪು ಚುಕ್ಕೆಗಳಿಗೆ ಒಂದೊಂದಾಗಿ ಬೆರಳಿಟ್ಟ. "ಮತ್ತೆ ಇದು? ಪ್ರತಿ ಮರದ ಪಕ್ಕದಲ್ಲೂ ಗೋಡೆಯ ಅಂಚಿಗೆ ಒಂದು ಗಾಯ. ತ್ಯಾಗದ ರಕ್ತ. ಇಡೀ ಚಿತ್ರ ಉಸಿರಾಡೋದೇ ಈ ಚುಕ್ಕೆಯಿಂದ. ಇದು ಯಾವ ಔಷಧಿ, ಹೇಳಿ ನೋಡೋಣ."

ಬಿದೋ ಬಗ್ಗಿದ. ಕನ್ನಡಕ ಹುಡುಕಿ ಹಾಕಿಕೊಂಡ. ಮೊದಲ ಚಿತ್ರ, ಎರಡನೆಯದು, ಮತ್ತೆ ಮೊದಲನೆಯದು. ಅವನ ಮುಖ ನಿಧಾನವಾಗಿ ಬದಲಾಯಿತು.

"ಇದು ನಾನು," ಅಂದ.

"ಏನಂದಿರಿ?" ದ್ಯುಮರೆ ಕೇಳಿದ.

"ನನ್ನ ಟೋಪಿ ಇದು. ಬೆಳಗ್ಗೆ ಹೊತ್ತು ಗೋಡೆ ಮೇಲಿಂದ ಒಂದು ಸಲ ಇಣುಕಿ ನೋಡ್ತೀನಿ, ಇವರ ಮರ ಎಷ್ಟು ಬೆಳೆದಿದೆ ಅಂತ. ನಾಲ್ಕರಲ್ಲೂ ನಾನೇ ಇದ್ದೀನಿ." ಅವನು ವಾರೆನ್ ಕಡೆ ತಿರುಗಿದ. "ಹೌದಾ ಮೇಷ್ಟ್ರೇ?"

ಹೌದು ಎಂಬುದು ವಾರೆನ್ನನ ಕಿವಿ ಕೆಂಪಾದುದರಲ್ಲೇ ಗೊತ್ತಾಯಿತು. "ನೀಲಿ ಪಕ್ಕಕ್ಕೆ ಒಂದು ಕೆಂಪು ಬೇಕಾಗ್ತದೆ," ಎಂದಷ್ಟೇ ಗೊಣಗಿದ.

"ಇಡೀ ಚಿತ್ರ ಉಸಿರಾಡೋದೇ ನನ್ನಿಂದಂತೆ," ಬಿದೋ ಗುಮಾಸ್ತನಿಗೆ ಹೇಳಿದ. "ಪ್ಯಾರಿಸ್ಸಿನವರೇ ಹೇಳ್ತಿದ್ದಾರೆ." ಅವನು ಸಾಲಾಗಿ ನಡೆದು ದೇವದೂತೆಯ ಮುಂದೆ ನಿಂತ. ಬಲಗೈಯ ಬಳಿಯ ಕೆಂಪನ್ನು ಕಂಡ. "ಇಲ್ಲೂ ಇದ್ದೀನಲ್ಲ."

ಫಿಲಿಬೆರ್ತ್ ಬಾಯಿ ತೆರೆದಳು, ಮುಚ್ಚಿದಳು.

"ಇದು ಮೂವತ್ತು ವರ್ಷದ ಹಿಂದಿನ ಚಿತ್ರ, ಬಿದೋ ಅವರೇ," ಗೊದ್ರಾಂ ಹೇಳಿದ.

"ಗೊತ್ತು ಸ್ವಾಮಿ. ಟೋಪಿ ಅಂದಿನಿಂದ ಇದೇ ಬಣ್ಣ. ನನ್ನ ಮದುವೆ ಆದ ವರ್ಷ ಅದು."

"ಗೋಡೆಗಿಂತ ಅಷ್ಟು ಮೇಲೆ ನಿಮ್ಮ ತಲೆ ಹೇಗೆ ಬಂತು? ನಿಮಗೆ ರೆಕ್ಕೆ ಇರಲಿಲ್ಲವಲ್ಲ."

"ಏಣಿ ಹಾಕಿದ್ದೆ. ಹೊಸ ಹೆಂಡತಿ, ಪೇರ್ ಬೇಕು ಅಂತ ಹಟ. ಕೊಂಬೆ ನಮ್ಮ ಕಡೆಗೇ ಬಾಗಿತ್ತು, ಒಳ್ಳೇ ತೋರವಾಗಿ, ಗೋಡೆಗಿಂತ ಇಷ್ಟು ಎತ್ತರ." ಅವನು ಕೈಯೆತ್ತಿ ತೋರಿಸಿದ. "ಬುಟ್ಟಿ ತುಂಬಾ ಕಿತ್ತೆ. ಆ ಬೇಸಿಗೆ ಪೂರ್ತಿ ಕಿತ್ತೆ."

ಗುಮಾಸ್ತನ ಲೇಖನಿ ಕಿರುಗುಟ್ಟಿತು. ಎತ್ತಿದ ಕೈ ಇಳಿಸುವಷ್ಟರಲ್ಲಿ ತಾನು ಹೇಳಿದ್ದೇನೆಂದು ಬಿದೋಗೆ ಹೊಳೆಯಿತು.

"ಹಕ್ಕಿ ತಿಂದುಹೋಗ್ತಿವೆ ಅಂದ್ಕೊಂಡಿದ್ದೆ," ಫಿಲಿಬೆರ್ತ್ ಹೇಳಿದಳು. "ಇಷ್ಟು ವರ್ಷ ಹಕ್ಕಿಗಳಿಗೆ ಬೈದಿದ್ದೀನಿ."

"ನಿಮ್ಮ ಮದುವೆ ಯಾವ ವರ್ಷ ಅಂತ ಪುರಸಭೆಯಲ್ಲಿ ಬರೆದಿರ್ತದೆ, ನೋಡ್ಕೊಳ್ತೀನಿ," ಗೊದ್ರಾಂ ಹೇಳಿದ. "ನಿಮ್ಮದೇ ಬಾಯಿಮಾತಿನ ಪ್ರಕಾರ ಮರ ಆಗಲೇ ಗೋಡೆ ದಾಟಿತ್ತು. ಕಿತ್ತ ಹಣ್ಣಿನ ವಿಷಯ ಹಳೇದು, ಬಿಟ್ಟಿದ್ದೀನಿ. ಏನಾದರೂ ಹೇಳೋದಿದೆಯಾ? ಆ ಟೋಪಿ ನಿಮ್ಮದಲ್ಲ ಅಂತ ಬೇಕಾದರೆ ಈಗಲೂ ಹೇಳಬಹುದು."

ಬಿದೋ ಚಿತ್ರವನ್ನು ನೋಡಿದ. ಹಳದಿ ಆಕಾಶ, ದೇವದೂತೆ, ಅವಳ ಬಲಗೈಯ ಬಳಿ ಉರಿಯುವ ಕೆಂಪು. ಸೊಪ್ಪಿನ ಮಡಿಯ ಕಡೆಗೂ ಒಮ್ಮೆ ನೋಡಿದ.

"ನನ್ನದೇ," ಅಂದ.

ಮರುವಾರ ತೀರ್ಪು ಬಂತು. ಮರ ಇರಬಹುದು. ಆದರೆ ಪಕ್ಕದ ಮನೆಯ ಮೇಲೆ ಚಾಚಿದ ಕೊಂಬೆಗಳಿಗೆ ಮೂವತ್ತು ವರ್ಷದ ರಿಯಾಯಿತಿ ಇಲ್ಲ. ಬಿದೋ ಕೇಳಿದಾಗ ವಾರೆನ್ ದಂಪತಿ ಕಡಿಸಿಕೊಡಬೇಕು. ಬಿದೋ ಕೇಳಲಿಲ್ಲ. ಟೋಪಿ ಒಗೆಸಿಕೊಂಡು ಬಂದ. ಬೆಳಗಿನ ಹೊತ್ತು ಮೊದಲು ಇಣುಕಿ ಹೋಗುತ್ತಿದ್ದವನು ಈಗ ಏಣಿಯ ಮೇಲೆ ಹತ್ತಿ, ಗಲ್ಲ ಎತ್ತಿ, ವಾರೆನ್ನನ ಕಿಟಕಿಗೆ ಮುಖ ಕೊಟ್ಟು ನಿಲ್ಲತೊಡಗಿದ. "ಸ್ವಲ್ಪ ಕೆಳಗಿಳೀರಿ, ಎಲೆಗೆ ಅಡ್ಡ ಬರ್ತೀರಿ," ಎಂದು ವಾರೆನ್ ಕೂಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ನೋಡುವುದೇ ಇಲ್ಲ ಎಂದಿದ್ದವನ ಕೂಗು.

ದ್ಯುಮರೆಯ ಪುಸ್ತಕ ಮರುವರ್ಷ ಬಂತು. ಗುರುಗಳ ತೀರಾ ಇತ್ತೀಚಿನ ಮರಗಳಲ್ಲಿ ಗಾಯ ದೊಡ್ಡದಾಗುತ್ತಿದೆ, ಮೇಲಕ್ಕೇರುತ್ತಿದೆ ಎಂದು ಅದರಲ್ಲಿ ಬರೆದಿತ್ತು. ಮೈಲುತುತ್ತದ ಸುದ್ದಿ ಇರಲಿಲ್ಲ.

ಪುಸ್ತಕ ಬಂದ ವಾರ ಬಿದೋ ತನ್ನ ನಾದಿನಿಯನ್ನು ಕರೆದುಕೊಂಡು ಬಂದ. ಊಟದ ಕೋಣೆಗೆ ಹೋಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ದೇವದೂತೆಯ ಬಲಗೈಗೆ ಬೆರಳು ತೋರಿಸಿದ. "ಇಲ್ನೋಡು. ಆಗ ಕೂದಲೂ ಇತ್ತು, ಟೋಪಿ ಒಳಗೆ. ಹೌದಲ್ವಾ ಫಿಲಿಬೆರ್ತ್, ನೀನು ಗೋಡೆ ಮೇಲೆ ಕೂತಿದ್ದೆಯಲ್ಲ, ನೋಡಿರ್ಬೇಕು."

ಫಿಲಿಬೆರ್ತ್ ತನ್ನ ಹೆಬ್ಬೆರಳನ್ನು ಏಪ್ರನ್ನಿನೊಳಗೆ ಮಡಚಿಕೊಂಡಳು. ಕಿಟಕಿಯಾಚೆ ಮರ ಆ ವರ್ಷದ ಮೊದಲ ಕಾಯಿ ಬಿಟ್ಟಿತ್ತು.

"ನೋಡಿದ್ದೆ," ಅಂದಳು. "ಕುತ್ಕೊಳ್ಳಿ, ಪೇರ್ ತರ್ತೀನಿ. ಹೋದ ವರ್ಷ ಭರಣೀಲಿ ಹಾಕಿಟ್ಟಿದ್ದು."