ಕಾಲೂರುವಷ್ಟು ಎತ್ತರ

ಮಾಗಿ ಚಳಿಯ ಸೋಮವಾರ. ಬೆಳಕಿನ್ನೂ ಪೂರಾ ಹರಿದಿರಲಿಲ್ಲ. ಮಾರಿಕಣಿವೆ ಹಿನ್ನೀರಿನ ಮೇಲೆ ಮಂಜು ಹೊಗೆಯಂಗೆ ಆಡುತ್ತಿತ್ತು. ದಡದ ಹೊಂಗೆಮರದ ಬುಡದಲ್ಲಿ ಶಾಲು ಹೊದ್ದು ಕೂತ ಬುಡನ್ ಸಾಬರು, ನೀರಿಗಿಳಿದ ಹುಡುಗಿಯರ ತಲೆ ಎಣಿಸಿದರು. ಮುಗಿಸಿ ಮತ್ತೆ ಮೊದಲಿಂದ ಎಣಿಸಿದರು. ಹಳದಿ ಟೋಪಿಯವಳು ಮೊಮ್ಮಗಳು ಮಹೇಕ್. ಅವಳ ಮುಂದೆ, ನೀರು ಚಿಮ್ಮಿಸದೆ ಸರಿದು ಹೋಗುತ್ತಿದ್ದವಳು ಮಾಡದಕೆರೆಯ ಕುರಿಗಾರರ ಹುಡುಗಿ ರೋಜಾ.

"ಇಷ್ಟು ಚೆಂದ ಈಜೋಳಿಗೆ ಕ್ಯಾಂಪ್ ಯಾಕೆ ಬೇಕಿತ್ತೋ" ಎಂದು ಸಾಬರು ತಮ್ಮಷ್ಟಕ್ಕೆ ಗೊಣಗಿದರು.

ಈ ಕ್ಯಾಂಪಿನ ಒಂದೊಂದು ವಿಷಯದ ಮೇಲೂ ಅವರಿಗೆ ಅನುಮಾನ. ಈಜು, ಸೈಕಲ್ಲು, ಓಟ, ಮೂರನ್ನೂ ನಡುವೆ ಕೂರದೆ ಒಂದರ ಹಿಂದೊಂದು ಮುಗಿಸೋದಕ್ಕೆ ಟ್ರಯಥ್ಲಾನ್ ಅಂತಾರಂತೆ. ಕಲಿಸುವ ರಘುನಾಥ್ ಹೊಳಲ್ಕೆರೆ ಕಡೆಯವನು. ಬರುವ ಮುಂಚೆ ಮಹೇಕ್‌ಗೆ ಫೋನು ಮಾಡಿ ಹೇಳಿದ್ದ: "ಕ್ಯಾಂಪಿಗೆ ಮುಂಚೆ ಓಡಿ ಓಡಿ ದಣಿಬೇಡ, ಚೆನ್ನಾಗಿ ನಿದ್ದೆ ಮಾಡಿ ಬಾ. ಹೊಸ ಬೂಟು ತರಬೇಡ, ಕಾಲಿಗೆ ಒಗ್ಗಿದ್ದೇ ಇರಲಿ. ಇಲ್ಲಿ ಯಾರನ್ನೂ ಸೋಲಿಸೋಕೆ ಹೋಗಬೇಡ, ನಿನ್ನ ತಪ್ಪು ಯಾವುದು ಅಂತ ನೋಡ್ಕೊಂಡು ಹೋಗು. ನೋವಾದ್ರೆ ಮುಚ್ಚಿಡಬೇಡ."

ಸಾಬರಿಗೆ ಅದು ಹಿಡಿಸಿರಲಿಲ್ಲ. ಕಲಿಸುವವನು ಮಲಗು ಅಂತಾನೆಯೇ? ಬಾಳೆಹಣ್ಣು, ಮೊಟ್ಟೆ ಪುಕ್ಕಟೆ ಕೊಡ್ತಾನಂತೆ, ಅವನಿಗೇನು ಲಾಭ? ಕೊನೆಯ ದಿನ ಒಬ್ಬಳನ್ನೇ ಆರಿಸಿ ದೊಡ್ಡ ಪಂದ್ಯಕ್ಕೆ ಕರಕೊಂಡು ಹೋಗ್ತಾನಂತೆ, ಆ ಒಬ್ಬಳು ಯಾರು ಅಂತ ಈಗಲೇ ಮನಸ್ಸಲ್ಲಿ ಇಟ್ಕೊಂಡಿಲ್ಲ ಅಂತ ಹೆಂಗೆ ನಂಬೋದು?

ಮಗ ಮುಝಫರ್ ಅಪ್ಪನಿಗಿಂತ ಒಂದು ಕೈ ಮೇಲು. ಮಗಳು ಮಹೇಕ್ ಅತ್ತು ಕರೆದು, ಊಟ ಬಿಟ್ಟು ಕಾಡಿದ ಮೇಲೆ ಒಪ್ಪಿದ್ದ. ಒಪ್ಪುವಾಗ ಅಜ್ಜನನ್ನು ಕಾವಲಿಗಿಟ್ಟು ಒಂದೇ ಮಾತು: "ದಾದಾ ಜೊತೆಗಿರಬೇಕು. ದಾದಾ ಊರಿಗೆ ಬಂದ ದಿನವೇ ನೀನೂ ಬರಬೇಕು. ಆಮೇಲೆ ಈ ಆಟದ ಮಾತೇ ಎತ್ತಂಗಿಲ್ಲ." ಹಂಗಾಗಿ ಸಾಬರು ಹೊಸದುರ್ಗದ ತಮ್ಮ ಸೈಕಲ್ ಅಂಗಡಿಗೆ ಬೀಗ ಹಾಕಿ ಇಲ್ಲಿ ಬಂದು ಕೂತಿದ್ದರು.

ರಘುನಾಥ್ ಸಾಬರಿಗೂ ಮೊದಲೇ ಕೈಮುಗಿದು ಹೇಳಿದ್ದ: "ಮರದ ಕೆಳಗೆ ಕುಂತ್ಕಳ್ರಿ, ನೋಡ್ರಿ. ತರಬೇತಿಗೆ ಕೈ ಹಾಕಿದ್ರೆ ಮಾತ್ರ ಯಾರೇ ಆಗ್ಲಿ, ಕಳಿಸ್ಬಿಡ್ತೀನಿ."

ಹುಡುಗಿಯರು ನೀರಲ್ಲಿದ್ದಾಗ ಸೈಕಲ್ಲುಗಳು ಬೇಲಿಗೆ ಒರಗಿ ನಿಂತಿದ್ದವು. ಸಾಬರು ಮೆಲ್ಲಗೆ ಎದ್ದು ಹೋಗಿ, ಕ್ಯಾಂಪಿನವರು ಮಹೇಕ್‌ಗೆ ಕೊಟ್ಟ ಸೈಕಲ್ಲಿನ ಮೇಲೆ ಕೈ ಆಡಿಸಿದರು. ಸೀಟು ಎಷ್ಟು ಎತ್ತರ! ಹಿಂದಿನ ಸಂಜೆ ಅವಳು ಹತ್ತಿದಾಗ ಹೆಬ್ಬೆರಳಿಗೂ ನೆಲ ಸಿಕ್ಕಿರಲಿಲ್ಲ. ಅವರ ಅಂಗಡಿಯಲ್ಲಿ ಒಂದು ಪದ್ಧತಿ. ಸೈಕಲ್ ಕೊಂಡವರನ್ನು ಸೀಟಿನ ಮೇಲೆ ಕೂರಿಸಿ, ಎರಡು ಹಿಮ್ಮಡಿಯೂ ನೆಲಕ್ಕೆ ಊರಿದವೇ ಅಂತ ತಾವೇ ಬಗ್ಗಿ ನೋಡೋರು. ಊರದಿದ್ದರೆ ಸೀಟು ಇಳಿಸದೆ ಅಂಗಡಿ ಮೆಟ್ಟಿಲು ದಾಟಿಸುತ್ತಿರಲಿಲ್ಲ. ಅದರಲ್ಲೂ ಹೆಣ್ಣುಮಕ್ಕಳಿಗೆ.

ಜೇಬಿನಲ್ಲಿ ನಟ್ಟು ಬಿಚ್ಚುವ ಪಾನಾ ಇದ್ದೇ ಇತ್ತು. ಒಂದು ಬೆರಳಷ್ಟು ಇಳಿಸಿ ಬಿಗಿದರು. ಮಂಗಳವಾರ ಇನ್ನೊಂದು ಬೆರಳು, ಬುಧವಾರ ಮತ್ತೊಂದು. ಕೈ ಹಾಕೋದು ಅಂದರೆ ಇದೇ ಅಂತ ಅವರಿಗೆ ಹೊಳೆಯಲೇ ಇಲ್ಲ. ಮಗುವಿನ ಕುಲಾವಿ ಜಾರಿದ್ದರೆ ಸರಿ ಮಾಡಿದಷ್ಟೇ ಸಲೀಸಾಗಿ ಮಾಡಿ, ಬಂದು ಮರದ ಕೆಳಗೆ ಕೂತರು.

ಅವರ ಕಣ್ಣೆಲ್ಲ ರೋಜಾಳ ಮೇಲಿತ್ತು. ಬುಧವಾರ ಸಂಜೆ ಮೊಮ್ಮಗಳ ಹತ್ತಿರ ತಗ್ಗಿದ ದನಿಯಲ್ಲಿ ಕೇಳಿದರು: "ಆ ಹುಡುಗಿ ದಿನಾ ಎಲ್ರಿಗಿಂತ ಮುಂಚೆ ನೀರಿಂದ ಎದ್ದು ಸೈಕಲ್ ಹತ್ರ ಹೋಗ್ತಾಳೆ. ಒಬ್ಬಳೇ ಏನ್ ಮಾಡ್ತಾಳೆ ಅಲ್ಲಿ?"

"ಬೂಟು ಹಾಕ್ಕೋತಾಳೆ ದಾದಾ."

"ಬೂಟು ಹಾಕ್ಕೊಳೋಕೆ ಅಷ್ಟೊತ್ತು ಬೇಕಾ? ಹುಷಾರಾಗಿರು ಬೇಟಿ."

ಮಹೇಕ್ ನಕ್ಕಳು. ಆದರೆ ನಗು ಪೂರ್ತಿ ಆಗಲಿಲ್ಲ.

ಗುರುವಾರ ಮತ್ತೋಡಿನ ಕಡೆಗಿನ ಏರು ಹತ್ತುವಾಗ ಅವಳ ಮಂಡಿ ಹಿಡಿಯಿತು. ಕುಂಟುತ್ತ ಸೈಕಲ್ ತಳ್ಳಿಕೊಂಡು ಬಂದಳು. ರಘುನಾಥ್ ಮಂಡಿ ಒತ್ತಿ ನೋಡಿದ, ಆಮೇಲೆ ಸೈಕಲ್ ನೋಡಿದ. ಸೀಟಿನ ಕಂಬಕ್ಕೆ ಭಾನುವಾರ ಅವನೇ ಬಿಳಿ ಗೆರೆ ಎಳೆದಿದ್ದ. ಎಲ್ಲರ ಸೈಕಲ್ಲಲ್ಲೂ ಗೆರೆ ಕಾಣುತ್ತಿತ್ತು, ಇವಳದರಲ್ಲಿ ಇಲ್ಲ. ಕಂಬ ಒಳಕ್ಕೆ ಇಳಿದುಬಿಟ್ಟಿತ್ತು.

"ಇಷ್ಟು ತಗ್ಗಿಸ್ಕೊಂಡು ತುಳಿದ್ರೆ ಮಂಡಿ ಉಳಿಯುತ್ತೇನಮ್ಮ? ಯಾರು ಇಳಿಸಿದ್ದು?"

"ನಾನಲ್ಲ ಸರ್" ಎಂದಳು ಮಹೇಕ್. ಅವಳ ಕಣ್ಣು ಸೀದಾ ರೋಜಾಳ ಮೇಲೆ ಹೋಯಿತು. "ದಿನಾ ಮೊದ್ಲು ಸೈಕಲ್ ಹತ್ರ ಬರೋಳು ಅವಳೇ."

ಟೀ ಲೋಟ ಹಿಡಿದು ಬರುತ್ತಿದ್ದ ಸಾಬರಿಗೆ ಸಿಟ್ಟು ನೆತ್ತಿಗೇರಿತು. "ನಾನು ಹೇಳಿರಲಿಲ್ವಾ? ಯಾರದ್ರೀ ಈ ಹಲ್ಕಾ ಕೆಲ್ಸ?" ಎನ್ನುತ್ತಲೇ ಹತ್ತಿರ ಬಂದರು. ಬಂದು ನೋಡಿದರೆ ರಘುನಾಥನ ಬೆರಳು ಸೀಟಿನ ಕಂಬದ ಮೇಲಿತ್ತು. ತಾವೇ ಮೂರು ದಿನ ಇಳಿಸಿ ಬಿಗಿದ ಕಂಬ ಅದು.

ರೋಜಾ ಒಂದು ಹೆಜ್ಜೆ ಮುಂದೆ ಬಂದಳು. "ಲೇ ಮಹೇಕ್, ನಿನ್ ಸೈಕಲ್ ಮುಟ್ಟಿ ನಂಗೇನ್ ಆಗ್ಬೇಕೇ? ರಸ್ತೆ ಮ್ಯಾಲೆ ನೀನು ಮುಂದಿದ್ರೆ ತಾನೆ ನಂಗೆ ಅಟ್ಟಿಸ್ಕೊಂಡ್ ಬರಾಕೆ ಮಜಾ! ನೀನ್ ಕುಂಟಿದ್ರೆ ನಾನು ಯಾರ ಹಿಂದೆ ಓಡ್ಲಿ?" ಅಂದವಳು ಉಳಿದವರ ಮುಖ ನೋಡಿದಳು. ಒಬ್ಬಳು ತನ್ನ ಸೈಕಲ್ಲನ್ನು ಸ್ವಲ್ಪ ಆಚೆಗೆ ಸರಿಸಿಕೊಂಡಳು. ರೋಜಾ ಅದನ್ನು ನೋಡಿ, ಅಜ್ಜನಿಗೆ ಫೋನು ಹಚ್ಚಿದಳು.

ಸಾಬರು ಮರದ ಕೆಳಗೆ ಹೋಗಿ ಕೂತರು. ಬಾಯಿ ಬಿಟ್ಟರೆ ತಾವು ಊರಿಗೆ. ತಾವು ಊರಿಗೆ ಅಂದರೆ ಮಹೇಕ್ ಊರಿಗೆ. ಆಮೇಲೆ ಈ ನೀರಿಲ್ಲ, ಸೈಕಲ್ಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಬ್ಬರ ಕೂಸು ಕೆಟ್ಟ ಹೆಸರು ಹೊತ್ತು ಹೋಗುತ್ತದೆ. ರಾತ್ರಿ ರೊಟ್ಟಿ ಮುರಿದವರು ತಿನ್ನಲಿಲ್ಲ.

ಶುಕ್ರವಾರ ಹೊತ್ತೇರುವಾಗ ರೋಜಾಳ ಅಜ್ಜ ತಿಮ್ಮರಾಯಪ್ಪ ಟಿವಿಎಸ್ ಮೇಲೆ ಬಂದ. ಹೆಗಲ ಮೇಲೆ ಕಂಬಳಿ, ಮುಖದ ಮೇಲೆ ಗಂಟು.

"ಮೊದ್ಲೇ ಹೇಳಿದ್ದೆ, ಈ ಪ್ಯಾಟೆಯೋರ ಸವಾಸ ಬ್ಯಾಡ ಅಂತ. ಹೊರಡವ್ವ, ಹೋಗಾಣ" ಎಂದು ಮೊಮ್ಮಗಳ ಚೀಲಕ್ಕೆ ಕೈ ಹಾಕಿದ.

"ನಾನಿನ್ನೂ ವಿಚಾರಿಸ್ತಾ ಇದೀನಿ ಯಜಮಾನ್ರೆ" ಎಂದ ರಘುನಾಥ್.

"ಏನ್ ವಿಚಾರ್ಸ್ತೀರಿ ಸಾರ್? ನಮ್ಮನ್ನ ಕಂಡ್ರೆ ಎಲ್ರಿಗೂ ಮೊದ್ಲೇ ಅನುಮಾನ" ಎಂದು ತಿರುಗಿದವನಿಗೆ ಮರದ ಕೆಳಗಿದ್ದವರು ಕಂಡರು. ಗಂಟು ಸ್ವಲ್ಪ ಸಡಿಲಾಯಿತು. "ಓಹೋ, ಸೈಕಲ್ ಸಾಬ್ರು! ನೀವಾದ್ರೂ ಹೇಳ್ರಿ ಇವ್ರಿಗೆ. ಇವ್ಳಪ್ಪ ಪ್ರಭುಲಿಂಗ ಸಣ್ಣೋನಿದ್ದಾಗ ನಿಮ್ಮಂಗ್ಡೀಲೇ ಸೈಕಲ್ ತಗಂಡಿದ್ದು. ಅವ್ನಿಗೆ ಕಾಲು ಎಟುಕಲಿಲ್ಲ ಅಂತ ನೀವೇ ಕುಂತು ಸೀಟು ಇಳಿಸಿ ಕೊಟ್ರಿ. ಎಂಥ ಜಾಗ್ರತೆ ಮನುಷ್ಯಾ ಅಂತ ದಾರಿಯುದ್ದಕ್ಕೂ ಅಂದ್ಕಂಡು ಹೋದೆ."

ಮಹೇಕ್ ನಿಧಾನಕ್ಕೆ ತಿರುಗಿ ದಾದಾನ ಕಡೆ ನೋಡಿದಳು.

ಸಾಬರು ಮರ ಹಿಡಿದು ಎದ್ದರು. "ಚೀಲ ಬಿಡ್ರಿ ತಿಮ್ಮರಾಯಪ್ಪ. ಇಳಿಸಿದ್ದು ನಾನೇ. ಕಾಲು ನೆಲಕ್ಕೆ ಎಟುಕಲ್ಲ, ಬಿದ್ದಾಳು ಅಂತ ದಿನಾ ಇಷ್ಟಿಷ್ಟು ಇಳಿಸ್ದೆ. ನಿನ್ನೆನೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ದಾದಾ" ಅಂದಳು ಮಹೇಕ್.

ತಿಮ್ಮರಾಯಪ್ಪ ಚೀಲವನ್ನು ನೆಲಕ್ಕಿಟ್ಟು, ಸಾಬರ ಎದುರಿಗೆ ಬಂದು ನಿಂತ. "ಎಲ್ರೂ ನನ್ ಕೂಸಿನ ಮುಖ ನೋಡ್ತಿದ್ರಂತಲ್ರಿ, ನೀವು ಆವಾಗ ಎಲ್ಲಿದ್ರಿ?" ಅಂತ ಕೇಳಿದ. ರೋಜಾ ಚೀಲದಿಂದ ಈಜಿನ ಟೋಪಿ ತೆಗೆದುಕೊಂಡು, ಮಹೇಕಳ ಪಕ್ಕದಿಂದಲೇ ದಾಟಿ ನೀರಿನ ಕಡೆ ನಡೆದಳು.

ರಘುನಾಥ್ ಸಂಕಟಪಡುತ್ತ ಅಂದ: "ಸಾಬ್ರೆ, ನಿಮಗೊಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೈ ಹಾಕ್ತಾರೆ. ಮಂಡಿ ದೊಡ್ಡದೇನಲ್ಲ, ಇವತ್ತು ನಾಳೆ ಬರೀ ಈಜಲಿ. ಅವಳಿರ್ಲಿ. ನೀವು ಮಾತ್ರ..."

"ಹೊರಟೆ."

"ಮುಝಫರ್ ಅವ್ರಿಗೆ ನಾನೇ ಫೋನ್ ಮಾಡಿ ಹೇಳ್ಲಾ?"

"ಬ್ಯಾಡ. ನಾನೇ ಎದುರಿಗೆ ಹೇಳ್ತೀನಿ" ಎಂದರು ಸಾಬರು, ಶಾಲು ಮಡಚುತ್ತ. ಯಾವತ್ತು ಅಂತ ಹೇಳಲಿಲ್ಲ. ಕ್ಯಾಂಪು ಭಾನುವಾರ ಮುಗಿಯುವುದಿತ್ತು.

ಟಾರು ರಸ್ತೆಯ ಬೇವಿನ ಮರದ ಕೆಳಗೆ ನಿಂತಿದ್ದಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮುಝಫರ್.

"ಅಬ್ಬಾ, ಎಲ್ಲಿದೀರಾ?"

"ಮರದ ಕೆಳಗೆ."

"ಮಹೇಕ್?"

"ನೀರಲ್ಲಿ ಅವ್ಳೆ."

"ಎಲ್ಲಾ ಸರಿಯಾಗೈತಾ? ದನಿ ಯಾಕೋ ಒಂಥರಾ ಐತೆ."

"ಚಳಿ" ಎಂದು ಇಟ್ಟರು.

ಊರಿಗೆ ಹೋಗುವ ಹೊಸದುರ್ಗದ ಬಸ್ಸು ಬಂದು ಮುಂದೆಯೇ ನಿಂತಿತು. ಕಂಡಕ್ಟರು ಪರಿಚಯದವನು, "ಬರ್ರಿ ಸಾಬ್ರೆ, ಸೀಟೈತೆ" ಎಂದು ಕರೆದ. ಸಾಬರು ಕಾಣದವರಂತೆ ಆ ಕಡೆ ತಿರುಗಿದರು. ಬಸ್ಸು ಹೋದ ಮೇಲೆ ರಸ್ತೆ ದಾಟಿ ಆಚೆ ಬದಿಗೆ ನಿಂತರು. ಆ ಶುಕ್ರವಾರ ಮಧ್ಯಾಹ್ನ ಕ್ಯಾಂಪಿನಿಂದ ಹೋದವರು ಅವರೊಬ್ಬರೇ, ತಂಗಿ ಖಾತುನ್ ಬೀ ಮನೆಯಿರುವ ಹಿರಿಯೂರಿನ ಬಸ್ಸಿಗೆ ಕೈ ಮಾಡಿ.