ನಾಲಿಗೆ ಹೋದ ಜಾಗ

ಸೋದರಮಾವನಿಗೆ ಮೇಲುಸಾಲಿನಲ್ಲಿ ಮುಂದಿನ ಒಂದು ಹಲ್ಲು ಇರಲಿಲ್ಲ. ಅಗ್ನಿಶಾಮಕ ದಳದ ಬ್ಯಾಂಡಿಗೆ ಸೇರಿದ ಹೊಸತರಲ್ಲಿ ಏಣಿಯ ಕೊಂಡಿ ಬಡಿದು ಉದುರಿತ್ತು. ಆ ಸಂದಿಗೇ ನಾಲಿಗೆಯ ತುದಿ ತೂರಿಸಿ, ಗಾಳಿ ತಡೆದು ಬಿಡುತ್ತ, ನಿವೃತ್ತಿಯವರೆಗೂ ಬ್ಯಾಂಡಿನಲ್ಲಿ, ಆಮೇಲೆ ಮನೆಯಲ್ಲಿ ಟ್ರಂಪೆಟ್ ಊದಿದ. ತನ್ನ ಮನೆಯಲ್ಲೇ ಬೆಳೆದ ಅಕ್ಕನ ಮಗಳಿಗೂ ಅದನ್ನೇ ಕಲಿಸಿದ. "ನಾಲಿಗೆ ಹಲ್ಲು ದಾಟಿ ಬರ್ಲಿ. ತುಟಿಗೆ ತಾಗ್ಲಿ."

ಅವಳ ಬಾಯಲ್ಲಿ ಹಲ್ಲೆಲ್ಲ ಸರಿಯಾಗಿದ್ದವು. ನಿಧಾನದ ಸ್ವರಗಳಿಗೆ ಅದರಿಂದ ತೊಂದರೆಯಾಗಲಿಲ್ಲ.

ಅದೇ ಬ್ಯಾಂಡಿನಲ್ಲಿ ಒಂದು ಜಾಗ ಖಾಲಿಯಾಯಿತು. ವಯಸ್ಸಿನ ಮಿತಿ ಮೀರುವ ಮೊದಲು ಅವಳಿಗಿದ್ದ ಕೊನೆಯ ವರ್ಷ ಅದು. ಪರೀಕ್ಷೆಗೆ ಮುಂಚೆ ಬ್ಯಾಂಡ್ ಮೇಷ್ಟ್ರು ಎಲ್ಲರನ್ನೂ ಒಮ್ಮೆ ಊದಿಸಿ ನೋಡಿದರು. ವೇಗದ ಸಾಲು ಬಂದಾಗ ಅವಳ ಸ್ವರಗಳು ಒಂದರ ಮೇಲೊಂದು ಬಿದ್ದವು.

"ಏನಮ್ಮ, ಸ್ವರಕ್ಕೊಂದು ಸಲ ನಾಲಿಗೆ ಚಾಚ್ತೀಯಲ್ಲ, ಬಿಸಿಲಲ್ಲಿ ಓಡಿಬಂದ ನಾಯಿ ಥರ. ಹಲ್ಲಿನ ಹಿಂದೆ, ವಸಡಿಗೆ ಸುಮ್ನೆ ಮುಟ್ಟಿಸಿ ತೆಗಿ. 'ತು' ಅಂದ್ರೆ ಸಾಕು. ಯಾರು ಕಲಿಸಿದ್ದು ಇದನ್ನ?"

ಅವಳು ಮಾವನ ಹೆಸರು ಹೇಳದೆ ಟ್ರಂಪೆಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು, ಟ್ರಂಪೆಟ್ಟಿನ ಬಾಯಿಗೆ ಟವೆಲ್ ತುರುಕಿ ಅಭ್ಯಾಸಕ್ಕೆ ಕೂತಳು. ಹೊಸ ರೀತಿಯಲ್ಲಿ ಊದಿದರೆ ಸ್ವರ ಸೋರುತ್ತಿತ್ತು. ಹಳೆಯದಕ್ಕೆ ಮರಳಿದರೆ ತೊದಲುತ್ತಿತ್ತು. ಮಾವ ಕದ ತಟ್ಟಿದ.

"ನನ್ನ ಕಿವಿಗೇನೂ ಟವೆಲ್ ತುರುಕಿಲ್ಲ ಕಣೇ. ಯಾರ ಪಾಠ ಇದು?"

"ಮೇಷ್ಟ್ರದ್ದು, ಮಾವ."

"ನನ್ನ ಪಾಠಕ್ಕೇನಾಗಿತ್ತು ಧಾಡಿ?"

ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ನಿಮಗಲ್ಲಿ ಹಲ್ಲಿಲ್ಲ. ನನಗಿದೆ."

ಅವನು ಹೆಬ್ಬೆರಳಿನಿಂದ ಸಂದಿ ಮುಟ್ಟಿ ನೋಡಿಕೊಂಡ. "ನಿನಗೆ ಹಲ್ಲಿದೆ ಅನ್ನೋದೇ ನನಗೆ ಹೊಳೀಲಿಲ್ಲ ನೋಡು" ಎಂದು ನಗಲು ಹೋಗಿ ಕೆಮ್ಮಿದ.

ಪರೀಕ್ಷೆಯ ದಿನ ಅರ್ಧದವರೆಗೂ ನಾಲಿಗೆ ಅವಳ ಮಾತು ಕೇಳಿತು. ವೇಗ ಏರಿದ್ದೇ ತಡ, ಅವಳಿಗೆ ತಿಳಿಯುವ ಮೊದಲೇ ಹಲ್ಲು ದಾಟಿ ತುಟಿಗೆ ಓಡಿತು. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು. ಅವಳ ಹಿಂದೆ ಊದಿದವನಿಗೆ ಕೆಲಸವಾಯಿತು.

ಮಾವ ಅವಳ ಮುಖ ನೋಡಿ, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ತನ್ನ ಟ್ರಂಪೆಟ್ಟನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟ. ಆಮೇಲೆ ಅದನ್ನು ಊದಲಿಲ್ಲ. ಅವಳು ಮಾತ್ರ ಈಗ ಬಚ್ಚಲ ಬಾಗಿಲು ತೆರೆದಿಟ್ಟೇ ಅಭ್ಯಾಸ ಮಾಡುತ್ತಿದ್ದಳು.

ಹೋದದ್ದು ಒಂದು ನೌಕರಿ, ಏಳು ವರ್ಷದ ಕಲಿಕೆ, ಮನೆಯಲ್ಲಿದ್ದ ಎರಡು ಟ್ರಂಪೆಟ್ಟುಗಳಲ್ಲಿ ಒಂದರ ಸದ್ದು.