ಉರಿಯದ ಬರೆ

ಕಟ್ಟಿರುವೆಯೊಂದು ಕಾಲ ಹೆಬ್ಬೆರಳಿನ ಉಗುರು ಹತ್ತಿ, ಬಟ್ಟೆಕಟ್ಟಿನ ಅಂಚಿನವರೆಗೂ ಹೋಗಿ, ಏನೋ ವಾಸನೆ ನೋಡಿ ಹಿಂದಿರುಗುತ್ತಿದೆ, ಕಚ್ಚಿತೋ ಬಿಟ್ಟಿತೋ ಅಂಜಿನಮೂರ್ತಿಗೆ ತಿಳಿಯುತ್ತಿಲ್ಲ, ಕಣ್ಣಿಗೆ ಕಂಡರೆ ಉಂಟು, ಕಾಣದಿದ್ದರೆ ಇಲ್ಲ, ಕಾಲು ಅವನದೇ, ಆದರೂ ಯಾರೋ ಮರೆತು ಹೋದ ಚಪ್ಪಲಿಯ ಹಾಗೆ ಬೆಂಚಿನ ಕೆಳಗೆ ಬಿದ್ದುಕೊಂಡಿದೆ — ಮಧುಗಿರಿಯ ಈ ಆಸ್ಪತ್ರೆಯ ಕಿಟಕಿಯಲ್ಲಿ ಬೆಟ್ಟದ ಬರಿ ಬಂಡೆ ಬಿಟ್ಟರೆ ಬೇರೇನೂ ಕಾಣದು, ಪಕ್ಕದಲ್ಲಿ ಅವ್ವ ಕರಿಯಕ್ಕ ಕಿತ್ತಳೆ ಸುಲಿಯುತ್ತಿದ್ದಾಳೆ, ತಿನ್ಲಾ, ಬೆಳಗಿಂದ ಬಾಯಿಗೆ ಏನೂ ಹಾಕಿಲ್ಲ, ತಿನ್ನುತ್ತಾನೆ, ಹುಳಿಯೂ ಇಲ್ಲ ಸಿಹಿಯೂ ಇಲ್ಲ, ಇನ್ನೇನು ಹೆಸರು ಕೂಗುತ್ತಾರೆ, ಒಳಗೆ ಶ್ರೀಲತಾ ಡಾಕ್ಟರು ಈ ಬಟ್ಟೆ ಬಿಚ್ಚುತ್ತಾರೆ, ಕಾಲು ಉಳಿಯುವುದೋ ಹೋಗುವುದೋ ಆಗ ಗೊತ್ತಾಗುತ್ತದೆ.

ಹೋದ ಸಲ ಇದೇ ಡಾಕ್ಟರು ಸಮಾಧಾನವಾಗಿ ಹೇಳಿದ್ದರು, ನೋಡಪ್ಪ, ಕಾಲಿಗೆ ರಕ್ತ ಒಯ್ಯೋ ದೊಡ್ಡ ನಾಳ ಮುಚ್ಕೊಂಡಿದೆ, ಬೀಡಿ ಮಾಡಿದ ಕೆಲಸ, ಆದ್ರೆ ಮೈ ಸುಮ್ನೆ ಕೂರಲ್ಲ, ರಕ್ತ ಸಾಲದೆ ಇರೋ ಕಡೆಗೆ ಬಿಳಿ ರಕ್ತಕಣಗಳು ಹೋಗ್ತವೆ, ಕೆಟ್ಟಿದ್ದನ್ನ ಗುಡಿಸ್ತವೆ, ಪಕ್ಕದ ಸಣ್ಣ ನಾಳಗಳನ್ನ ಅಗಲ ಮಾಡಿಸ್ತವೆ, ಹೊಸವನ್ನೂ ಬೆಳೆಸ್ತವೆ, ಅವಕ್ಕೆ ಒಂದಷ್ಟು ಟೈಮ್ ಕೊಡೋಣ, ಬೀಡಿ ಬಿಡು, ನೋವು ಬರೋವರೆಗೂ ನಡಿ, ನಿಲ್ಲು, ಮತ್ತೆ ನಡಿ, ಗಾಯ ಒಂದು ಆಗದ ಹಾಗೆ ನೋಡ್ಕೋ, ಗಾಯ ಆದ್ರೆ ಅವೆಲ್ಲ ಕೀವಿನ ಜೊತೆ ಹೊಡೆದಾಡ್ತಾ ಕೂರ್ತವೆ, ಆಮೇಲೆ ನನ್ ಕೈಲೂ ಆಗಲ್ಲ. ಅವನಿಗೆ ಅರ್ಥವಾಗಿತ್ತು, ಕೆರೆಯ ದಾರಿಗೆ ಯಾರೋ ತಂತಿಬೇಲಿ ಬಿಗಿದಾಗ ಕುರಿಗಳೇ ಗುಡ್ಡ ಬಳಸಿ ತುಳಿದೂ ತುಳಿದೂ ಹೊಸ ಜಾಡು ಮಾಡಿಕೊಂಡಿರಲಿಲ್ಲವೇ, ಹಾಗೆ. ನಡೆದ. ಹಟ್ಟಿಯಿಂದ ಹುಣಸೆಮರದವರೆಗೆ, ಆಮೇಲೆ ಮರ ದಾಟಿ ಚನ್ನರಾಯನದುರ್ಗದ ರಸ್ತೆಯವರೆಗೆ, ಮೀನಖಂಡ ಹಿಡಿದುಕೊಳ್ಳುವುದು ತಡವಾಗತೊಡಗಿತ್ತು, ಪಾದ ಮಾತ್ರ ಜೋಮು ಹಿಡಿದೇ ಇತ್ತು, ಅವ್ವ ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ತಣ್ಣಗೈತಲ್ಲೋ, ಶೀತ ಕುಂತೈತೆ ಕಣ್ಲಾ, ಒಂದು ಬರೆ ಹಾಕಿದ್ರೆ ಹೊಂಟೋಯ್ತದೆ. ಕುಂಟುವ ಕುರಿಗೆ ಬರೆ ಹಾಕಿಸಲು ಸುತ್ತಲಿನ ಹಟ್ಟಿಯವರೆಲ್ಲ ಬರುವುದು ಅವಳ ಹತ್ತಿರವೇ, ಅವಳ ಕೈಯ ಬರೆ ತಿಂದ ಕುರಿ ಎದ್ದು ಮಂದೆ ಸೇರುತ್ತಿತ್ತು — ಬೇಡ ಅನ್ನಬಹುದಿತ್ತು, ಅನ್ನಲಿಲ್ಲ, ಯಾಕೆ ಅನ್ನಲಿಲ್ಲವೋ, ಕುಡುಗೋಲು ಒಲೆಯಲ್ಲಿ ಕೆಂಪಾಯಿತು, ಅವ್ವ ಅವನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು, ಕಣ್ಣು ಮುಚ್ಕೋ ಮಗ, ಅವನು ಮುಚ್ಚಲಿಲ್ಲ, ಸಣ್ಣ ಹೊಗೆ ಎದ್ದಿತು, ಕೂದಲು ಸುಟ್ಟ ವಾಸನೆ, ಉರಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದ, ಬರಲಿಲ್ಲ, ಅವ್ವ ಹಣೆಯ ಬೆವರು ಒರೆಸಿಕೊಂಡು ನಕ್ಕಳು, ಗಂಡ್ಸು ಕಣ್ಲಾ ನೀನು, ಒಂದ್ ಸೊಲ್ಲೂ ಎತ್ತಲಿಲ್ಲ, ಹಟ್ಟಿಯಲ್ಲಿ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು.

ಹೆಸರು ಕೂಗಿದರು, ತಾಯಿ ಮಗ ಇಬ್ಬರೂ ಒಳಗೆ ಹೋದರು, ಬಟ್ಟೆ ಬಿಚ್ಚುತ್ತಿದ್ದ ಡಾಕ್ಟರ ಕೈ ನಿಂತಿತು, ಬರೆಯ ಸುತ್ತ ಕಪ್ಪು, ಆ ಕಪ್ಪು ಹಿಮ್ಮಡಿ ದಾಟಿ ಮೇಲಕ್ಕೆ ಹತ್ತಿದೆ, ಯಾರಪ್ಪ ಇದನ್ನ ಸುಟ್ಟಿದ್ದು, ಅವ್ವ ಬಾಯಿ ತೆರೆಯುವ ಮುಂಚೆ ಅವನೇ, ಒಲೆ ಹತ್ರ ಕುಂತಿದ್ದೆ ಮೇಡಂ, ತಗುಲ್ಬುಡ್ತು, ಅವರು ನಂಬಿದರೋ ಇಲ್ಲವೋ, ತುಮಕೂರಿಗೆ ಬರೆದುಕೊಡ್ತೀನಿ, ಇವತ್ತೇ ಹೋಗಿ, ಮೊಣಕಾಲಿನ ಕೆಳಗೆ ತೆಗೀಬೇಕಾಗ್ತದೆ, ಚೆನ್ನಾಗಿ ನಡೀತಿದ್ದೆಯಲ್ಲಪ್ಪ, ರಕ್ತಕ್ಕೆ ದಾರಿ ಆಗ್ತಾ ಇತ್ತಲ್ಲ. ಹೂಂ ಎಂದ. ದುಃಖವಾಗಬೇಕಿತ್ತು, ಒಳಗೆಲ್ಲ ಹುಡುಕಿದ, ಸಿಗಲಿಲ್ಲ, ಮಂದೆಯ ಹಿಂದೆ ಇನ್ನು ಹೆಂಡತಿ ಚಿತ್ರಾ ಒಬ್ಬಳೇ ಹೋಗಬೇಕು ಎಂದಷ್ಟೇ ಹೊಳೆಯಿತು. ಮತ್ತೆ ಅದೇ ಬೆಂಚು, ಅವ್ವ ಉಳಿದ ಕಿತ್ತಳೆಯನ್ನು ಸೆರಗಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು, ಸುಳ್ಳು ಯಾಕೇಳ್ದೆ, ಅವಳ ಕೈ ಅವನ ಪಾದದ ಕಡೆ ಹೋಗಿ ನಡುವೆಯೇ ನಿಂತಿತು, ಅವತ್ತು ನಿಂಗೆ ಉರೀಲೇ ಇಲ್ವೇನ್ಲಾ — ಇಲ್ಲ ಕಣವ್ವ ಎನ್ನಬೇಕು, ಭೋ ಉರೀತು ಎನ್ನಬೇಕು, ಯಾವುದನ್ನು ಅಂದರೆ ಅವಳು ಬದುಕಿಯಾಳು, ಬಾಯಿ ತೆರೆದ, ಕಣ್ಣೆದುರು ಆ ತೊಡೆ, ಆ ಕುಡುಗೋಲು, ಸಣ್ಣ ಹೊಗೆ, ಉರಿ ಈಗ ಬರುತ್ತದೆ, ಈಗ ಬರುತ್ತದೆ, ಸಣ್ಣ ಹೊಗೆ, ಸಣ್ಣ ಹೊಗೆ